ಬಾದಾಮಿ–ಹಂಪಿ ಸೈಕಲ್ ಪ್ರವಾಸ: ಹೆದ್ದಾರಿ ಬಿಟ್ಟು ಹೋಗುವ ದಾರಿ ಹೇಳುತ್ತೀರಾ?

ಮೈಸೂರು ಸವಾರಿ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಾನೂ ನನ್ನ ತಂಗಿಯೂ ಬಾದಾಮಿಯಿಂದ ಹಂಪಿಗೆ ಸೈಕಲ್‌ನಲ್ಲಿ ಹೋಗಬೇಕು ಅಂತ ಇದ್ದೀವಿ. ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಅಮೀನಗಡ, ಹುನಗುಂದ, ಇಳಕಲ್, ಕುಷ್ಟಗಿ ದಾಟಿ ಹೊಸಪೇಟೆ ಸೇರೋದು ಅಂತ ಅಂದಾಜು. ಆದರೆ ಫೋನಿನ ಮ್ಯಾಪು ಹುನಗುಂದ ದಾಟಿದ ಮೇಲೆ ಪೂರ್ತಿ ರಾಷ್ಟ್ರೀಯ ಹೆದ್ದಾರಿ 50ರ ಮೇಲೇ ಕಳಿಸ್ತಿದೆ. ಚಾಮುಂಡಿ ಬೆಟ್ಟ ಹತ್ತಿ ಅಭ್ಯಾಸ ಇದೆ, ಏರು ಬಂದರೆ ಭಯವಿಲ್ಲ. ಲಾರಿ ಪಕ್ಕ ದಿನವಿಡೀ ತುಳಿಯೋದು ಮಾತ್ರ ಬೇಡ. ದಿನಕ್ಕೆ 60 ಕಿ.ಮೀ. ಆರಾಮಾಗಿ ಆಗುತ್ತೆ. ಟೆಂಟ್ ತರೋದಿಲ್ಲ, ರಾತ್ರಿ ಲಾಡ್ಜ್ ಸಿಗೋ ಊರೇ ಬೇಕು. ಟೈರು 32 ಎಂ.ಎಂ. ಈ ಕಡೆಯವರು ದಯವಿಟ್ಟು ದಾರಿ ಹೇಳಿ.

ಗುಳೇದಗುಡ್ಡದ ಮಾಸ್ತರ

ತಂಗಿ, ನಿಮ್ಮ ದಾರಿ ಛಲೋ ಐತಿ, ಆದ್ರ ತಿರುವಿ ಹಾಕ್ರಿ. ಹಂಪಿಯಿಂದ ಶುರು ಮಾಡಿ ಬಾದಾಮಿಗೆ ಬರ್‍ರಿ. ನಾ ಈ ಸೀಮಿಯೊಳಗ ಸೈಕಲ್ ಮ್ಯಾಲೇ ಸಾಲಿಗೆ ಹೋಗಿ ಬಂದಾಂವ, ನಿವೃತ್ತಿ ಆದ ಮ್ಯಾಲೂ ಬಿಟ್ಟಿಲ್ಲ. ಯಾಕ ಹಿಂಗ ಹೇಳ್ತೀನಿ ಅಂದ್ರ, ಚಳಿಗಾಲದಾಗ ನಮ್ಮಲ್ಲಿ ಮೂಡಗಾಳಿ. ಬಾದಾಮಿಯಿಂದ ಹಂಪಿ ಆಗ್ನೇಯಕ್ಕ ಐತಿ. ಆ ಕಡೆ ಹೊಂಟ್ರಿ ಅಂದ್ರ ಗಾಳಿ ಎದಿಗೆ ಬಡೀತದ, ಎಳಿ ಬಿಸಿಲು ಕಣ್ಣಿಗೆ ಹೊಡೀತದ. ಎರಿ ಭೂಮಿಯೊಳಗ ಗಾಳಿ ತಡೆಯೋ ಒಂದು ಗಿಡ ಇರೂದಿಲ್ಲ. ಎದುರುಗಾಳಿಯೊಳಗ 60 ಕಿ.ಮೀ. ಅಂದ್ರ 90ರ ದಣಿವು. ತಿರುವಿ ಬಂದ್ರ ಗಾಳಿನೂ ಬಿಸಿಲೂ ಬೆನ್ನಿಗೆ.

ಇನ್ನೊಂದು ಕಾರಣ ನನ್ನ ಮನಸಿಗೆ ಹತ್ತಿರದ್ದು. ಹಂಪಿಯ ವಿಜಯನಗರ ನೋಡಿ, ಅಲ್ಲಿಂದ ಹಿಂದಕ್ಕ ಹಿಂದಕ್ಕ ಬಂದು, ಚಾಲುಕ್ಯರು ಕಲ್ಲು ಕೆತ್ತಲಿಕ್ಕೆ ಶುರು ಮಾಡಿದ ಬಾದಾಮಿಗೆ ಮುಟ್ಟಬೇಕು. ಮೂರನೇ ಗವಿಯೊಳಗ ಮಂಗಳೇಶನ ಶಾಸನ ಐತಿ, ಕ್ರಿ.ಶ. 578ರದ್ದು. ಹಂಪಿಯ ವಿಠ್ಠಲ ಗುಡಿಯ ಕಂಬ ನೋಡಿ ಬಂದ ಕಣ್ಣಿಗೆ ಆ ಗವಿಯ ಕಂಬ ಬ್ಯಾರೇನೇ ಕಾಣ್ತಾವ. ಬಸ್ಸಿನಾಗ ಬಂದವರಿಗೆ ಈ ಫರಕು ಅಷ್ಟು ತಿಳಿಯೂದಿಲ್ಲ, ಯಾಕಂದ್ರ ನಡುವಿನ ನೆಲ ಅವರು ನೋಡಿರೂದಿಲ್ಲ. ಹಂಪಿ ಕಡೆ ದುಂಡು ದುಂಡು ಗ್ರಾನೈಟ್ ಬಂಡಿ, ನಡುವ ಎರಿ, ಆಮ್ಯಾಲ ಬಾದಾಮಿಯ ಕೆಂಪು ಮರಳುಗಲ್ಲು. ಕಲ್ಲು ಬದಲಾದಂಗ ಕೆತ್ತನಿ ಬದಲಾಗೈತಿ. ತುಳಕೊಂತ ಬಂದವರಿಗೆ ಇದು ಕಾಲಿಗೇ ಗೊತ್ತಾಗ್ತದ.

ದಾರಿ ಹೇಳ್ತೀನಿ. ಹಂಪಿ, ಕಮಲಾಪುರ ಮುಗಿಸಿ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಮ್ಯಾಲೆ ತುಂಗಭದ್ರಾ ದಾಟ್ರಿ. ತಳವಾರಘಟ್ಟದ ದೋಣಿ ನಂಬಿ ಹೋಗಬ್ಯಾಡ್ರಿ, ನೀರು ಜಾಸ್ತಿ ಬಿಟ್ಟ ದಿನ ಅದು ನಡಿಯೂದಿಲ್ಲ. ಆ ದಂಡಿಯೊಳಗ ಆನೆಗೊಂದಿ, ಪಂಪಾ ಸರೋವರ, ಅಂಜನಾದ್ರಿ, ಸಾಣಾಪುರ ಕೆರಿ. ಒಂದು ಪೂರ್ತಿ ದಿನ ಇಲ್ಲೇ ಕಳೀರಿ. ಒಂದು ಕಡೆ ಗದ್ದಿ, ಇನ್ನೊಂದು ಕಡೆ ಬಂಡಿ ಬೆಟ್ಟ, ರಸ್ತಾ ಸಣ್ಣದು. ಸಾಣಾಪುರದ ನೀರು ತುಂಗಭದ್ರಾ ಎಡದಂಡೆ ಕಾಲುವಿದು. ನೋಡಲಿಕ್ಕೆ ಶಾಂತ ಇರ್ತದ, ಆದ್ರ ಇಳೀಬ್ಯಾಡ್ರಿ, ಆಳ ಭಾಳ ಐತಿ, ಅಲ್ಲಿ ಜೀವ ಹೋಗ್ಯಾವ. ಕತ್ತಲಾಗೂದ್ರೊಳಗ ರೂಮು ಸೇರ್‍ರಿ. ಆ ಬೆಟ್ಟದಾಗ ಕರಡಿ, ಚಿರತಿ ಎರಡೂ ಅದಾವ.

ಮುಂದ ಗಂಗಾವತಿ, ಕನಕಗಿರಿ, ತಾವರಗೇರಿ, ಕುಷ್ಟಗಿ. ಹೆದ್ದಾರಿಗಿಂತ ಸುತ್ತು, ಆದ್ರ ಇದನ್ನ ಬಿಡಬ್ಯಾಡ್ರಿ. ಗಂಗಾವತಿಯಿಂದ ಕನಕಗಿರಿ ಸುಮಾರು 20 ಕಿ.ಮೀ. ಕನಕಾಚಲಪತಿ ಗುಡಿ ನೋಡ್ರಿ, ಊರ ಹೊರಗಿನ ವೆಂಕಟಾಪತಿ ಬಾವಿಗೂ ಹೋಗ್ರಿ. ಹಂಪಿಯ ಗದ್ದಲ ಅಲ್ಲಿ ಇಲ್ಲ, ಎಷ್ಟು ಹೊತ್ತು ಬೇಕಾದ್ರೂ ಮೆಟ್ಟಲ ಮ್ಯಾಲ ಕೂಡಬಹುದು.

ಕುಷ್ಟಗಿಯಿಂದ ಇಳಕಲ್‌ವರೆಗೆ ಹೆದ್ದಾರಿ ತಪ್ಪಸೂದು ಕಷ್ಟ. ನಸುಕಿನಾಗ ಬೆಳಕು ಹರಿದ ಕೂಡ್ಲೇ ಹೊಂಟು, ಸರ್ವಿಸ್ ರಸ್ತಾ ಇದ್ದಲ್ಲಿ ಅದನ್ನ ಹಿಡಕೊಂಡು ಮುಗಿಸಿಬಿಡ್ರಿ. ಇಳಕಲ್‌ನಾಗ ಮಗ್ಗದ ಓಣಿಗೆ ಹೋಗ್ರಿ, ಟೋಪಿ ತೆನಿ ಸೆರಗು ನೇಯೋದನ್ನ ಕಣ್ಣಾರೆ ನೋಡ್ರಿ. ಅಮೀನಗಡದಾಗ ಕರದಂಟು ಕಟ್ಟಿಸಿಕೊಳ್ರಿ. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಹಾಕಿದ ಆ ತುಂಡು ಸೈಕಲ್ ತುಳಿಯೋರ ಕಿಸೆಯೊಳಗ ಇರಬೇಕಾದ್ದೇ.

ಐಹೊಳಿಗೆ ಒಂದು ದಿನ ಪೂರ್ತಿ ಕೊಡ್ರಿ. ದುರ್ಗ ಗುಡಿಯ ಬೆನ್ನು ದುಂಡಗೈತಿ, ಅದನ್ನ ಎಲ್ಲರೂ ನೋಡ್ತಾರ, ಫೋಟೋ ಹೊಡೀತಾರ, ಹೋಗ್ತಾರ. ಗುಡ್ಡದ ಮ್ಯಾಲಿನ ಮೇಗುತಿ ಗುಡಿಗೆ ಹತ್ತೋರು ಕಮ್ಮಿ. ಅಲ್ಲಿ ರವಿಕೀರ್ತಿಯ ಶಾಸನ ಐತಿ, ಶಕ 556, ಅಂದ್ರ ಕ್ರಿ.ಶ. 634. ಇಮ್ಮಡಿ ಪುಲಕೇಶಿ ಹರ್ಷನನ್ನ ಸೋಲಿಸಿದ್ದು ಅದರೊಳಗ ಬರದೈತಿ. ನಾ ಮಕ್ಕಳಿಗೆ ಈ ಪಾಠ ಹೇಳೂವಾಗೆಲ್ಲಾ ಆ ಗ್ವಾಡಿಯ ಮುಂದ ಕರಕೊಂಡು ಹೋಗಿ ನಿಲ್ಲಿಸೇ ಹೇಳ್ತಿದ್ದೆ.

ಅಲ್ಲಿಂದ ಪಟ್ಟದಕಲ್ಲು 13-14 ಕಿ.ಮೀ., ಮಲಪ್ರಭಾ ಬಗಲಾಗ. ವಿರೂಪಾಕ್ಷ ಗುಡಿ ಕಟ್ಟಿಸಿದಾಕಿ ಲೋಕಮಹಾದೇವಿ, ಬಗಲಿನ ಮಲ್ಲಿಕಾರ್ಜುನ ಕಟ್ಟಿಸಿದಾಕಿ ತ್ರೈಲೋಕ್ಯಮಹಾದೇವಿ. ಇಬ್ಬರೂ ಎರಡನೇ ವಿಕ್ರಮಾದಿತ್ಯನ ರಾಣಿಯರು, ಒಡಹುಟ್ಟಿದ ಅಕ್ಕ-ತಂಗಿ. ಗಂಡ ಕಂಚಿ ಗೆದ್ದ ನೆನಪಿಗೆ ಕಟ್ಟಿಸಿದ್ದು. ನೀವಿಬ್ಬರು ಅಕ್ಕ-ತಂಗಿ ಆ ಎರಡು ಗುಡಿ ನಡುವ ನಿಂತು ನೋಡ್ರಿ ಅಂತ ನನ್ನ ಆಸೆ.

ಪಟ್ಟದಕಲ್ಲಿಂದ ಬಾದಾಮಿ 22 ಕಿ.ಮೀ. ನಡುವ ಮಹಾಕೂಟಕ್ಕ ಹೊರಳ್ರಿ, ಬುಗ್ಗಿ ನೀರಿನ ಹೊಂಡ ಐತಿ. ಸಂಜೀಕ ಬಾದಾಮಿಯ ಅಗಸ್ತ್ಯ ತೀರ್ಥ ಕೆರಿಯ ದಂಡಿಗೆ ಕೂಡ್ರಿ.

ಗಜೇಂದ್ರಗಡದಾಂವ

ಮಾಸ್ತರು ಹೇಳಿದ್ದೆಲ್ಲಾ ಖರೆ, ಕುಷ್ಟಗಿ–ಇಳಕಲ್ ಒಂದು ಬಿಟ್ಟು. ಅಕ್ಕಾರ ಲಾರಿ ಬ್ಯಾಡ ಅಂತ ಚೊಕ್ಕ ಹೇಳ್ಯಾರ, ಮತ್ತ ಹೆದ್ದಾರಿಗೆ ಯಾಕ ಹಚ್ಚೋದು? ಕುಷ್ಟಗಿಯಿಂದ ಹನುಮಸಾಗರ, ಅಲ್ಲಿಂದ ನಮ್ಮ ಗಜೇಂದ್ರಗಡ ಹಿಡೀರಿ. ಗಾಳಿ ಎಷ್ಟೈತಿ ಅಂತ ಗುಡ್ಡದ ಮ್ಯಾಲಿನ ಗಾಳಿಯಂತ್ರ ನೋಡಿದ್ರ ಗೊತ್ತಾಗ್ತದ. ಗುಡ್ಡದ ಕೋಟೆ ಹತ್ರಿ, ಕಾಲಕಾಲೇಶ್ವರ ಗುಡಿಗೆ ಹೋಗ್ರಿ. ಮೈಸೂರಿನವರಿಗೆ ಇನ್ನೊಂದು ನಂಟು ಹೇಳ್ತೀನಿ: 1787ರಾಗ ಟಿಪ್ಪುಗೂ ಮರಾಠರಿಗೂ ಒಪ್ಪಂದ ಆಗಿದ್ದು ಇದೇ ಊರಿನ ಹೆಸರಿನಾಗ.

ಮರುದಿನ ಸೂಡಿ ಮ್ಯಾಲೆ ಬಾದಾಮಿ. ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ ಎರಡೂ ಕಲ್ಯಾಣ ಚಾಲುಕ್ಯರ ಕಾಲದ್ದು. ನಾಗಕುಂಡದ ಒಳಗ್ವಾಡಿಯ ಕೆತ್ತನಿ ಹಂಪಿಯ ಪುಷ್ಕರಣಿಗೆ ಏನೂ ಕಮ್ಮಿ ಇಲ್ಲ. ಬಾದಾಮಿಯೊಳಗ ಚೀಲ ಇಳಿಸಿಟ್ಟು, ಹಗುರಾಗಿ ಪಟ್ಟದಕಲ್ಲು–ಐಹೊಳಿ ಸುತ್ತಿ ಬರ್‍ರಿ.

ಗಂಗಾವತಿ ಹುಡುಗ

ಗಂಗಾವತಿ ದಾಟೋ ಮೊದಲು ಹಿರೇಬೆಣಕಲ್ ಸೇರಿಸ್ಕೊಳ್ರಿ. ಸೈಕಲ್ ಊರಾಗ ಬಿಟ್ಟು ಗುಡ್ಡ ಹತ್ತಬೇಕು, ಊರಿನವರನ್ನ ಒಬ್ಬರನ್ನ ಜೊತಿಗೆ ಕರಕೊಂಡ್ರ ದಾರಿ ತಪ್ಪೂದಿಲ್ಲ. ಮ್ಯಾಲ ಕಲ್ಲಿನ ಹಾಸು ನಿಲ್ಲಿಸಿ ಕಟ್ಟಿದ ನೂರಾರು ಗೋರಿ ಅದಾವ, ಕಬ್ಬಿಣ ಯುಗದ್ದು. ಜನ ಮೋರ್ಯರ ಮನಿ ಅಂತಾರ. ಕೆಲವಕ್ಕ ದುಂಡು ಕಿಂಡಿ ಐತಿ. ಬಂಡಿ ಮ್ಯಾಲ ಒಂದು ನಗಾರಿ ಕಲ್ಲು ಐತಿ, ಬಡಿದ್ರ ದೂರ ಕೇಳಸ್ತದ. ಮಾಸ್ತರು ಹಿಂದಕ್ಕ ಹೋಗೂ ಮಾತು ಹೇಳಿದ್ರಲ್ಲ, ಇದು ಬಾದಾಮಿಗಿಂತ ಭಾಳ ಹಿಂದಿಂದು.

ಸುಗ್ಗಿ ಟೈಮಿನಾಗ ರಸ್ತಾದ ಮ್ಯಾಲೇ ಭತ್ತ ಒಣ ಹಾಕಿರ್ತಾರ, ಸುತ್ತ ಕಲ್ಲು ಇಟ್ಟಿರ್ತಾರ. ಇಳಿಜಾರಿನಾಗ ಜೋರು ಬಿಡಬ್ಯಾಡ್ರಿ.

ಮೈಸೂರು ಸವಾರಿ

ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ದಿಕ್ಕು ತಿರುಗಿಸಿದ್ದಾಯ್ತು. ಮೈಸೂರಿಂದ ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಹೊಸಪೇಟೆಗೆ ನೇರ ಬರಬಹುದು, ಅದೂ ಅನುಕೂಲ. ಮೇಷ್ಟ್ರೇ, ಇಳಕಲ್ಲೋ ಗಜೇಂದ್ರಗಡವೋ ನೀವೇ ಹೇಳಿ. ಪಂಕ್ಚರ್ ಕಾಟ ಹೇಗೆ? ಊಟ? ವಾಪಸ್ ಬರುವಾಗ ಬಾದಾಮಿಯಲ್ಲಿ ಸೈಕಲ್ ರೈಲಿಗೆ ಹಾಕಬಹುದಾ?

ಗುಳೇದಗುಡ್ಡದ ಮಾಸ್ತರ

ಲಾರಿ ಬ್ಯಾಡ ಅನ್ನೋರಿಗೆ ಗಜೇಂದ್ರಗಡವೇ ಸರಿ. ನೇಕಾರರ ಊರಿನಾಂವ ನಾನು, ಹಂಗಾಗಿ ಇಳಕಲ್ ಬಿಟ್ಟುಕೊಡಲಿಕ್ಕೆ ಮನಸು ಬರಲಿಲ್ಲ. ಐಹೊಳಿ ಸುತ್ತಿನಾಗ ಗುಳೇದಗುಡ್ಡಕ್ಕ ಹೊರಳ್ರಿ, ಕುಬಸದ ಖಣ ನೇಯೋ ಮಗ್ಗ ಇಲ್ಲೂ ಅದಾವ. ಆದ್ರ ಪಟ್ಟದಕಲ್ಲು, ಐಹೊಳಿ ಎರಡೂ ಒಂದೇ ದಿನ ಮುಗಿಸಬ್ಯಾಡ್ರಿ, ಅಷ್ಟು ದೂರದಿಂದ ತುಳಕೊಂಡು ಬಂದು ಗಡಬಡಿ ಮಾಡಿದ್ರ ಮನಸಿಗೆ ಏನೂ ಉಳಿಯೂದಿಲ್ಲ.

ಮುಳ್ಳಿನ ಕಾಟ ಭಾಳ. ರಸ್ತಾದ ಬಗಲಿಗೆಲ್ಲಾ ಬಳ್ಳಾರಿ ಜಾಲಿ. ಊಟಕ್ಕ, ನೆರಳಿಗೆ ಅಂತ ಸೈಕಲ್ಲನ್ನ ಮಣ್ಣಿಗೆ ಇಳಸೂವಾಗ ಎತ್ತಿಕೊಂಡು ಹೋಗ್ರಿ, ದಬ್ಬಿಕೊಂಡು ಅಲ್ಲ. ಟ್ಯೂಬು, ಪಂಪು ನಿಮ್ಮವೇ ಇರಲಿ. ಹಳ್ಳಿ ಅಂಗಡಿಯ ಪಂಪು ಪ್ರೆಸ್ಟಾ ವಾಲ್ವಿಗೆ (ಟ್ಯೂಬಿನ ಸಣ್ಣ ಮೂತಿಗೆ) ಕೂಡೂದಿಲ್ಲ. ಮಳಿ ಬಿದ್ದ ದಿನ ಡಾಂಬರ ಬಿಟ್ಟು ಎರಿಗೆ ಇಳೀಬ್ಯಾಡ್ರಿ, ಮಡ್‌ಗಾರ್ಡಿನೊಳಗ ಮಣ್ಣು ತುಂಬಿ ಗಾಲಿ ತಿರಗೂದೇ ನಿಲ್ತದ. ಕಬ್ಬು ಹೇರಿದ ಟ್ರ್ಯಾಕ್ಟರು ಎರಡೆರಡು ಟ್ರಾಲಿ ಎಳಕೊಂಡು ಬರ್ತಾವ. ಮುಂದಿನದು ದಾಟಿತು ಅಂತ ಒಳಗ ಸರೀಬ್ಯಾಡ್ರಿ, ಹಿಂದಿನದು ತೂರಾಡಿಕೊಂತ ಬರ್ತಿರ್ತದ.

ಊಟದ ಚಿಂತಿ ಬ್ಯಾಡ, ಎಲ್ಲಾ ಊರಾಗೂ ಖಾನಾವಳಿ ಅದಾವ. ಬನಶಂಕರಿ ಗುಡಿ ಮುಂದ ಹೆಣ್ಣುಮಕ್ಕಳು ಬುಟ್ಟಿಯೊಳಗ ಜ್ವಾಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಗಡಿಗಿ ಮೊಸರು ತಂದಿರ್ತಾರ. ಅಲ್ಲೇ ಕಟ್ಟಿ ಮ್ಯಾಲ ಕುಂತು ಉಣ್ರಿ. ಮೇಣಬಸದಿ ಅಂದ್ರ ಬಾದಾಮಿಯ ಗವಿ ಹತ್ತೂವಾಗ ಕೈಯಾಗ ತಿನ್ನೋದು ಇಟ್ಕೋಬ್ಯಾಡ್ರಿ, ಮಂಗ್ಯಾ ಚೀಲಕ್ಕೇ ಕೈ ಹಾಕ್ತಾವ.

ಬಾದಾಮಿ ಸ್ಟೇಷನ್ ಊರಿಂದ 5 ಕಿ.ಮೀ. ಹೊರಗ ಐತಿ, ಗಾಡಿ ಭಾಳ ಹೊತ್ತು ನಿಲ್ಲೂದಿಲ್ಲ. ಬ್ರೇಕ್ ವ್ಯಾನಿಗೆ ಸೈಕಲ್ ಏರಸೂದು ಅಷ್ಟರಾಗ ಆಗೂದಿಲ್ಲ. ಹುಬ್ಬಳ್ಳಿವರೆಗೆ ಬಂದು ಅಲ್ಲಿಯ ಪಾರ್ಸೆಲ್ ಆಫೀಸಿನಾಗ ಬುಕ್ ಮಾಡಸ್ರಿ.

ತಾರೀಖು ಗಟ್ಟಿ ಮಾಡೂ ಮೊದಲು ಪಂಚಾಂಗ ನೋಡ್ರಿ. ಬನದ ಹುಣ್ಣಿವಿ ಜನವರಿಯೊಳಗ ಬಂದ್ರ ಬನಶಂಕರಿ ಜಾತ್ರಿ. ನಾಟಕ ಕಂಪನಿ, ಚಕ್ಕಡಿ, ಜನ ಸೇರಿ ರಸ್ತಾ ತುಂಬಿರ್ತದ, ಬಾದಾಮಿಯೊಳಗ ಒಂದು ರೂಮು ಸಿಗೂದಿಲ್ಲ. ಜಾತ್ರಿ ನೋಡೂ ಮನಸು ಇದ್ರ ರೂಮು ಈಗಲೇ ಹಿಡೀರಿ. ಮತ್ತ ಐಹೊಳಿ, ಬಾದಾಮಿ ಮ್ಯೂಸಿಯಂ ಶುಕ್ರವಾರ ಬಂದ್, ಆ ದಿನ ಸೂಡಿಗೋ ಮಹಾಕೂಟಕ್ಕೋ ಇಟ್ಟುಕೊಳ್ರಿ.