ಗ್ರೀನ್‌ವುಡ್ ಅಂತ ಹುಡುಕಿದರೆ ಕ್ವಿಬೆಕ್‌ನಲ್ಲಿ ನಮ್ಮವರು ಯಾರೂ ಸಿಗ್ತಿಲ್ಲ!

ಲೋವೆಲ್ ಸೊಸೆ:
ನಾನು ಹುಬ್ಬಳ್ಳಿಯವಳು, ಈಗ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿದ್ದೇನೆ. ಗಂಡನ ಮನೆಯವರ ಅಡ್ಡಹೆಸರು ಗ್ರೀನ್‌ವುಡ್. ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಮಾಡಿಕೊಂಡು ಬಾ ಅಂದಿದ್ದಾರೆ. ನನ್ನ ಕಡೆಯದು ಅಪ್ಪನಿಗೆ ಒಂದು ಫೋನ್ ಮಾಡಿದರೆ ಮುಗೀತು, ಐದು ತಲೆಮಾರು ಬಾಯಲ್ಲೇ ಹೇಳಿದರು (ಗಂಡಸರದ್ದು ಮಾತ್ರ, ಆ ಮಾತು ಬೇರೆ).

ಗಂಡನ ಕಡೆಯದೇ ಸಿಕ್ಕು. ಮುತ್ತಜ್ಜ ಕೆನಡಾದ ಫ್ರೆಂಚ್ ಪ್ರಾಂತ್ಯ ಕ್ವಿಬೆಕ್‌ನಿಂದ ಇಲ್ಲಿಯ ಬಟ್ಟೆ ಮಿಲ್ಲಿಗೆ ಬಂದವರಂತೆ. ಅತ್ತೆಯ ಬಿಸ್ಕತ್ ಡಬ್ಬಿಯಲ್ಲಿ ನಾಲ್ಕು ದೀಕ್ಷಾಸ್ನಾನದ ಚೀಟಿಗಳಿವೆ. ನಾಲ್ಕೂ ಗಂಡುಮಕ್ಕಳು, ನಾಲ್ವರ ಹೆಸರೂ ಜೋಸೆಫ್! ಒಬ್ಬನೇ ಹುಡುಗ ಅಂದುಕೊಂಡು ನಾಲ್ಕು ಹುಟ್ಟುಹಬ್ಬ ಬರೆದಿಟ್ಟಿದ್ದೆ. ಅಪ್ಪನ ಹೆಸರು ಮಾತ್ರ ಗ್ರೀನ್‌ವುಡ್ ಅಲ್ಲ, ಬೋಯಿಸ್‌ವರ್ಟ್. ಇದು ಬೇರೆ ಯಾರದೋ ಚೀಟಿಯಾ?

ಮಾಂಟ್ರಿಯಲ್ ಚಳಿ:
ಅಕ್ಕಾ, ಚೀಟಿ ನಿಮ್ಮದೇ. ಅದು ಬೋಯಿಸ್‌ವರ್ಟ್ ಅಲ್ಲ, ಬ್ವಾವೇರ್. ಫ್ರೆಂಚ್‌ನಲ್ಲಿ ಬ್ವಾ ಅಂದರೆ ಕಾಡು, ವೇರ್ ಅಂದರೆ ಹಸಿರು. ಇಂಗ್ಲಿಷ್‌ಗೆ ತಿರುಗಿಸಿ ಗ್ರೀನ್‌ವುಡ್ ಮಾಡಿಕೊಂಡಿದ್ದಾರೆ. ಲೆಬ್ಲಾಂಕ್‌ಗಳು ವೈಟ್ ಆದರು, ರ್‍ವಾಗಳು ಕಿಂಗ್ ಆದರು.

ಇನ್ನು ಜೋಸೆಫ್. ಅಲ್ಲಿ ಆಗೆಲ್ಲ ಗಂಡು ಮಗುವಿಗೆ ಜೋಸೆಫ್, ಹೆಣ್ಣಿಗೆ ಮರೀ (ಅಂದರೆ ಮೇರಿ) ಅಂತ ಮೊದಲು ಸೇರಿಸುವ ರೂಢಿಯಿತ್ತು. ಮಧ್ಯದಲ್ಲಿ ಸಾಮಾನ್ಯವಾಗಿ ಗಾಡ್‌ಫಾದರ್ (ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರು) ಅಥವಾ ಗಾಡ್‌ಮದರ್ ಹೆಸರು. ಕೊನೆಯದು ಮನೆಯಲ್ಲಿ ಕರೆಯುವ ಹೆಸರು. ಚೀಟಿಯಲ್ಲಿ ಕೊನೆಯ ಹೆಸರು ನೋಡಿ, ನಾಲ್ಕು ಬೇರೆ ಬೇರೆ ಮಕ್ಕಳು ಸಿಗ್ತಾರೆ.

ಅಡ್ಡಹೆಸರು ಹಿಡಿದು ಹುಡುಕಬೇಡಿ, ಮದುವೆ ಹಿಡಿದು ಹುಡುಕಿ. ಪಾದ್ರಿ ಮದುವೆ ಬರೆಯುವಾಗ ಗಂಡು, ಹೆಣ್ಣು ಇಬ್ಬರ ಅಪ್ಪ ಅಮ್ಮನನ್ನೂ ಬರೆಯುತ್ತಿದ್ದರು. ಅಮ್ಮನದು ತವರಿನ ಹೆಸರೇ. ಹೆಂಗಸರು ಮದುವೆಯಾದರೂ ದಾಖಲೆಯಲ್ಲಿ ತವರಿನ ಹೆಸರು ಬಿಡುತ್ತಿರಲಿಲ್ಲ. ಹಾಗಾಗಿ ಒಂದು ಮದುವೆ ಸಿಕ್ಕರೆ ಹಿಂದಿನ ಎರಡು ಮದುವೆಗಳ ದಾರಿ ಸಿಕ್ಕಂತೆ. ಒಂದು ಕಡೆ ಎಡವಬೇಡಿ: ಎರಡನೇ ಮದುವೆಯಾದರೆ ಅಪ್ಪ ಅಮ್ಮನ ಬದಲು ತೀರಿಕೊಂಡ ಗಂಡ ಅಥವಾ ಹೆಂಡತಿಯ ಹೆಸರು ಬರೆದಿರುತ್ತಾರೆ.

ಚರ್ಚಿನ ಪುಸ್ತಕ ಎರಡು ಪ್ರತಿ ಇರುತ್ತಿತ್ತು, ಒಂದು ಚರ್ಚಿಗೆ, ಒಂದು ಕೋರ್ಟಿಗೆ. ಒಂದು ಸುಟ್ಟುಹೋದರೂ ಇನ್ನೊಂದು ಉಳಿದಿರಬಹುದು. ದ್ರುವೆಂ (Drouin) ಅಂತ ಹಳೆಯ ಚರ್ಚ್ ದಾಖಲೆಗಳ ಒಂದು ಸಂಗ್ರಹ ಇದೆ, ಅದರಲ್ಲಿ ಅವುಗಳ ಫೋಟೋಗಳಿವೆ.

ಧಾರವಾಡ ಫೇಡೆ:
ಹಿಂದೆ ಹೋದಾಗ ಬ್ವಾವೇರ್ ಕೂಡ ಕೈಕೊಡಬಹುದು, ಗಾಬರಿಯಾಗಬೇಡಿ. ಅಲ್ಲಿ ‘ದೀ’ ಹೆಸರು ಅಂತ ಇತ್ತು. ದೀ ಅಂದರೆ ‘ಎಂದು ಕರೆಯುವ’. ‘ಡೆನೆವೇರ್ ದೀ ಬ್ವಾವೇರ್’ ಅಂತ ಬರೆದಿರುತ್ತೆ, ಅಂದರೆ ಬ್ವಾವೇರ್ ಎನಿಸಿಕೊಂಡ ಡೆನೆವೇರ್. ಮುಂದೆ ಒಬ್ಬ ಮಗ ಡೆನೆವೇರ್ ಇಟ್ಟುಕೊಂಡ, ಇನ್ನೊಬ್ಬ ಬ್ವಾವೇರ್ ಇಟ್ಟುಕೊಂಡ ಅನ್ನೋದೂ ಉಂಟು. ಎಲ್ಲ ಬ್ವಾವೇರ್‌ಗಳೂ ಒಂದೇ ಮನೆತನ ಅಲ್ಲ, ಅದೊಂದು ತಲೆನೋವು.

ಇಂಥ ಹೆಸರು ಜಾಸ್ತಿ ಇದ್ದದ್ದು ಸೈನಿಕರಿಗೆ. 1665ರಲ್ಲಿ ಫ್ರಾನ್ಸಿನಿಂದ ಕಾರಿನ್ಯಾನ್-ಸಾಲಿಯೇರ್ ಎಂಬ ಸೇನಾದಳದವರು ಬಂದರು. ಅದರಲ್ಲಿ ಸುಮಾರು 400 ಮಂದಿ ಅಲ್ಲೇ ನೆಲೆಸಿದರು. ಲಾಫ್ಲರ್ ಅಂದರೆ ಹೂವು, ಸಾನ್‌ಸುಸಿ ಅಂದರೆ ಚಿಂತೆಯಿಲ್ಲದವ. ನಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರಿದ್ದಾಗ ಯಾರೂ ನಗಲ್ಲ, ಅಲ್ವಾ? ಹಾಗೇ ಇದೂ.

ಲೋವೆಲ್ ಸೊಸೆ:
ಸಿಕ್ಕಿತು! ಟ್ರುವಾ-ರಿವಿಯೇರ್ ಹತ್ತಿರದ ಒಂದು ಚರ್ಚಿನ ಮದುವೆ. ಮದುಮಗನಿಗೂ ಸಾಕ್ಷಿಗಳಿಗೂ ‘ಸಹಿ ಹಾಕಲು ಬರುವುದಿಲ್ಲ ಎಂದರು’ ಅಂತ ಪಾದ್ರಿ ಬರೆದಿದ್ದಾರೆ. ಕೆಳಗೆ ಪಾದ್ರಿಯದು ಬಿಟ್ಟರೆ ಒಂದೇ ಸಹಿ, ಮದುಮಗಳದು. ಅಕ್ಷರ ಸ್ವಲ್ಪ ನಡುಗಿವೆ, ಕೊನೆಯಲ್ಲಿ ಶಾಯಿಯ ಚುಕ್ಕೆ ಬಿದ್ದಿದೆ. ಮಗಳು ಅದನ್ನೇ ದೊಡ್ಡದು ಮಾಡಿ ಪ್ರಿಂಟ್ ತೆಗೆದು ಮರದ ಬುಡಕ್ಕೆ ಅಂಟಿಸಿದಳು.

ಅದನ್ನು ನೋಡಿ ಸುಮ್ನೆ ಇರಲಾಗದೆ ಅಪ್ಪನಿಗೆ ಮತ್ತೆ ಫೋನ್ ಮಾಡಿದೆ. ಅಜ್ಜಿಯ ತವರಿನ ಅಡ್ಡಹೆಸರೇನು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬೆಳಗಾವಿ ಕಡೆಯವರು’ ಅಂದರು.