ರಾಜ್ಯಸಭೆ ಚುನಾವಣೆ: 224 ಶಾಸಕರು, 4 ಸ್ಥಾನ. ಹಾಗಾದ್ರೆ 56 ಅಲ್ವಾ, 45 ಎಲ್ಲಿಂದ ಬಂತು?

ನಿಟ್ಟುವಳ್ಳಿ ಟೀಚರ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯು ರಾಜ್ಯಶಾಸ್ತ್ರದ ಮಕ್ಕಳಿಂದ ರಾಜ್ಯಸಭೆಯ ಅಣಕು ಚುನಾವಣೆ ಮಾಡಿಸಬೇಕು. ತರಗತಿಯಲ್ಲಿ 60 ಮಂದಿ ಇದ್ದಾರೆ. ‘ಅನುಪಾತ ಪ್ರಾತಿನಿಧ್ಯ, ಏಕ ವರ್ಗಾವಣೀಯ ಮತ’ ಅಂತ ಎಲ್ಲ ನೋಟ್ಸ್‌ನಲ್ಲೂ ಇದೆ, ಎಣಿಕೆ ಹೇಗೆ ಅಂತ ಯಾರೂ ಬರೆದಿಲ್ಲ. ಪತ್ರಿಕೆಗಳಲ್ಲಿ ಪ್ರತಿ ಸಲ ‘ಗೆಲುವಿಗೆ 45 ಮತ ಬೇಕು’ ಅಂತ ಬರುತ್ತೆ. 224ನ್ನು 4ರಿಂದ ಭಾಗಿಸಿದ್ರೆ 56. ಮಕ್ಕಳು ಇದನ್ನೇ ಕೇಳ್ತಾರೆ. ಮತ್ತೆ, 45 ದಾಟಿದವರ ಹೆಚ್ಚುವರಿ ಮತ ‘ವರ್ಗಾವಣೆ’ ಆಗುತ್ತೆ ಅಂದ್ರೆ ಯಾವ ಮತಪತ್ರ ಎತ್ತಿ ಕೊಡ್ತಾರೆ? ಮೇಲಿನದ್ದೋ, ಕೆಳಗಿನದ್ದೋ? ಗೊತ್ತಿದ್ದವರು ಲೆಕ್ಕ ಸಮೇತ ಹೇಳಿ.

ಕೋಟೆ ಕೆಳಗಿನವ (ಚಿತ್ರದುರ್ಗ)

ಮೇಡಂ, ಮೊದಲು ಮತದಾರ ಯಾರು ಅನ್ನೋದು ಸ್ಪಷ್ಟ ಇರಲಿ. ಸಂವಿಧಾನದ 80ನೇ ವಿಧಿ ಪ್ರಕಾರ ವಿಧಾನಸಭೆಯ *ಚುನಾಯಿತ* ಸದಸ್ಯರು ಮಾತ್ರ. ಪರಿಷತ್ ಸದಸ್ಯರಿಗೆ ಮತ ಇಲ್ಲ, ಸಭಾಧ್ಯಕ್ಷರಿಗೆ ಇದೆ. ನಮ್ಮ ಕಡೆ ಲೆಕ್ಕ ಹಿಡಿದರೆ ದಾವಣಗೆರೆ ಜಿಲ್ಲೆಯ 7, ಚಿತ್ರದುರ್ಗ ಜಿಲ್ಲೆಯ 6, ಒಟ್ಟು 13 ಶಾಸಕರು. ಮೊಳಕಾಲ್ಮುರಿನಿಂದ ಹೊನ್ನಾಳಿವರೆಗಿನ ಎರಡೂ ಜಿಲ್ಲೆಯವರು ಪಕ್ಷ ಮರೆತು ಒಂದಾದರೂ ಒಬ್ಬರನ್ನು ಗೆಲ್ಲಿಸೋಕೆ ಆಗಲ್ಲ. ನಾಮಪತ್ರಕ್ಕೆ ಸಹಿ ಹಾಕಬಹುದು ಅಷ್ಟೆ, ಅದಕ್ಕೆ 10 ಶಾಸಕರು ಸೂಚಕರಾಗಿ ಸಾಕು.

ಈಗ 45ರ ವಿಷಯ. ಒಂದಕ್ಕಿಂತ ಹೆಚ್ಚು ಸ್ಥಾನ ಇದ್ದಾಗ ಪ್ರತಿ ಮತಪತ್ರಕ್ಕೂ 100 ಮೌಲ್ಯ. ಎಲ್ಲ 224 ಸಿಂಧು ಆದರೆ ಒಟ್ಟು 22,400. ಇದನ್ನು ಸ್ಥಾನಗಳ ಸಂಖ್ಯೆಯಿಂದ ಭಾಗಿಸಲ್ಲ, ಸ್ಥಾನಕ್ಕೆ ಒಂದು ಸೇರಿಸಿ, ಅಂದರೆ 5ರಿಂದ ಭಾಗಿಸ್ತಾರೆ: 4,480. ಶೇಷ ಬಿಟ್ಟು 1 ಕೂಡಿಸಿದರೆ 4,481. ಇದೇ ಕೋಟಾ. 44 ಮತ ಅಂದರೆ 4,400, ಸಾಲದು. 45 ಅಂದರೆ 4,500, ದಾಟಿತು.

56 ಯಾಕಲ್ಲ ಅಂತ ಮಕ್ಕಳಿಗೆ ಹೀಗೆ ತೋರಿಸಿ. ನಾಲ್ವರು ತಲಾ 4,481 ಪಡೆದರೆ 17,924 ಖರ್ಚಾಯಿತು. ಉಳಿದದ್ದು 4,476. ಐದನೆಯವನು ಎಷ್ಟೇ ಒದ್ದಾಡಿದರೂ ಕೋಟಾ ಮುಟ್ಟೋಕೆ ಆಗಲ್ಲ. ನಾಲ್ವರು ಮಾತ್ರ ಮುಟ್ಟಬಹುದಾದ ಅತಿ ಚಿಕ್ಕ ಸಂಖ್ಯೆ ಅದು. 56 ಇಟ್ಟುಕೊಂಡಿದ್ದರೆ ಒಂದು ಮತ ಕುಲಗೆಟ್ಟರೂ ನಾಲ್ಕನೆಯವನಿಗೆ ಕೊರತೆ ಬೀಳುತ್ತಿತ್ತು.

ಕೋಟಾ ಲೆಕ್ಕ ಹಾಕೋದು *ಸಿಂಧು* ಮತಗಳ ಮೇಲೆ, ಸದನದ ಬಲದ ಮೇಲೆ ಅಲ್ಲ. 2024ರ ಫೆಬ್ರುವರಿ 27ರಂದು ಇದೇ ನಾಲ್ಕು ಸ್ಥಾನಕ್ಕೆ ಮತದಾನ ಆದಾಗ ಎರಡು ದಿನ ಮುಂಚೆ ಸುರಪುರದ ಶಾಸಕರು ತೀರಿಕೊಂಡಿದ್ದರಿಂದ ಮತದಾರರು 223. ಶಿವರಾಂ ಹೆಬ್ಬಾರ್ ಬರಲಿಲ್ಲ, ಬಿದ್ದದ್ದು 222. ಕೋಟಾ 4,441ಕ್ಕೆ ಇಳಿಯಿತು, ಆದರೂ ಬೇಕಾದದ್ದು 45 ಮತವೇ. 220 ಬಿದ್ದರೂ 4,401, ಒಂದೇ ಒಂದು ಅಂಕದಿಂದ 45. 219ಕ್ಕೆ ಇಳಿದರೆ 4,381, ಆಗ 44 ಸಾಕು.

ಇದು ಬರೀ ಪುಸ್ತಕದ ಲೆಕ್ಕ ಅನ್ಕೋಬೇಡಿ. 2017ರ ಗುಜರಾತ್ ಚುನಾವಣೆಯಲ್ಲಿ 3 ಸ್ಥಾನ, 176 ಮತ. ಕೋಟಾ 4,401, ಅಂದರೆ 45 ಮತ. ಇಬ್ಬರು ಶಾಸಕರು ತಮ್ಮ ಮತಪತ್ರವನ್ನು ತೋರಿಸಬಾರದವರಿಗೆ ತೋರಿಸಿದರು ಅಂತ ಚುನಾವಣಾ ಆಯೋಗ ಆ ಎರಡೂ ಮತ ರದ್ದು ಮಾಡಿತು. 174ಕ್ಕೆ ಕೋಟಾ 4,351, ಅಂದರೆ 44. ಕಾಂಗ್ರೆಸ್ಸಿನ ಅಹ್ಮದ್ ಪಟೇಲ್‌ಗೆ ಬಂದಿದ್ದು ಸರಿಯಾಗಿ 44, ಗೆದ್ದರು.

ಹರಿಹರ ಲೆಕ್ಕಪತ್ರ

ವರ್ಗಾವಣೆ ನಾನು ಹೇಳ್ತೀನಿ, ಎಲ್ಲರೂ ಎಡವೋದು ಇಲ್ಲೇ. ಮೇಲಿನ ಮತಪತ್ರವೂ ಅಲ್ಲ, ಕೆಳಗಿನದ್ದೂ ಅಲ್ಲ ಮೇಡಂ. ಗೆದ್ದವನ ಕಟ್ಟಿನಲ್ಲಿರುವ *ಎಲ್ಲ* ಮತಪತ್ರಗಳನ್ನೂ ಬಿಚ್ಚಿ ಮುಂದಿನ ಪ್ರಾಶಸ್ತ್ಯ (ಮತದಾರ ಅಭ್ಯರ್ಥಿಗಳ ಎದುರು 1, 2, 3 ಅಂತ ಬರೆದ ಕ್ರಮ) ನೋಡ್ತಾರೆ. ಮತಪತ್ರ ಪೂರ್ತಿ ಹೋಗುತ್ತೆ, ಮೌಲ್ಯ ಮಾತ್ರ ಕುಗ್ಗಿ ಹೋಗುತ್ತೆ.

ಒಂದು ಉದಾಹರಣೆ. 224 ಮತ, 4 ಸ್ಥಾನ, 5 ಅಭ್ಯರ್ಥಿಗಳು. ಮೊದಲ ಪ್ರಾಶಸ್ತ್ಯ: ಅ 48, ಆ 47, ಇ 46, ಈ 43, ಉ 40. ಅ, ಆ, ಇ ಮೂವರೂ ಮೊದಲ ಸುತ್ತಲ್ಲೇ ಗೆದ್ದರು. ಉಳಿದ ಒಂದು ಸ್ಥಾನಕ್ಕೆ ಈ ಮತ್ತು ಉ. ಮೂರು ಮತ ಮುಂದಿರುವ ‘ಈ’ ಗೆದ್ದ ಹಾಗೇ ಕಾಣುತ್ತೆ, ಅಲ್ವಾ? ಸ್ವಲ್ಪ ತಡೀರಿ.

ಅ, ಆ, ಇ ಮೂವರಿಗೂ ಮತ ಹಾಕಿದವರ ಮುಂದಿನ ಪ್ರಾಶಸ್ತ್ಯ ಉ ಅಂತಿಟ್ಟುಕೊಳ್ಳಿ. ದೊಡ್ಡ ಹೆಚ್ಚುವರಿ ಮೊದಲು. ಅ ಬಳಿ 4,800, ಕೋಟಾ ಕಳೆದರೆ 319. ಅದನ್ನು 48 ಮತಪತ್ರಕ್ಕೆ ಹಂಚಿದರೆ ತಲಾ 6, ಭಿನ್ನರಾಶಿ ಬಿಟ್ಟುಬಿಡ್ತಾರೆ. 48×6 = 288 ಉ ಖಾತೆಗೆ: 4,000 ಇದ್ದದ್ದು 4,288. ಉಳಿದ 31 ಹಾಳೆಯಲ್ಲಿ ‘ಭಿನ್ನರಾಶಿ ನಷ್ಟ’ ಅಂತ ದಾಖಲಾಗುತ್ತೆ, ಯಾರಿಗೂ ಇಲ್ಲ. ಆಮೇಲೆ ಆ: 219 ಭಾಗಿಸು 47, ತಲಾ 4, ಒಟ್ಟು 188. ಉ ಈಗ 4,476. ಕೋಟಾಕ್ಕೆ ಇನ್ನೂ 5 ಕಮ್ಮಿ! ಕೊನೆಗೆ ಇ: 119 ಭಾಗಿಸು 46, ತಲಾ 2, ಒಟ್ಟು 92. ಉ 4,568, ಗೆದ್ದ. 43 ಮತ ಪಡೆದ ‘ಈ’ 4,300ರಲ್ಲೇ ನಿಂತ, ಮನೆಗೆ ಹೋದ.

ಮಕ್ಕಳಿಗೆ ತೋರಿಸಲೇಬೇಕಾದ ಲೆಕ್ಕ ಇದು. ಮೊದಲ ಪ್ರಾಶಸ್ತ್ಯದಲ್ಲಿ ಹಿಂದಿದ್ದವನು ಹೇಗೆ ಗೆಲ್ತಾನೆ ಅನ್ನೋದು ಇದಿಲ್ಲದೆ ತಲೆಗೆ ಹೋಗಲ್ಲ.

ಇನ್ನೆರಡು ಸೂಕ್ಷ್ಮ. ಅ ಕಟ್ಟಿನಲ್ಲಿ ‘2’ ಆ ಎದುರು, ‘3’ ಉ ಎದುರು ಇದ್ದರೆ? ‘ಆ’ ಆಗಲೇ ಗೆದ್ದಾಗಿದೆ, ಅವನನ್ನು ದಾಟಿ ಉಗೆ ಹೋಗುತ್ತೆ. ಬರೀ ‘1’ ಬರೆದು ಸುಮ್ಮನಾಗಿದ್ದರೆ ಅದು ಖಾಲಿಯಾದ ಮತಪತ್ರ, ಪಕ್ಕಕ್ಕಿಡ್ತಾರೆ. 48ರಲ್ಲಿ 5 ಹೀಗಿದ್ದರೆ ಭಾಗಿಸೋದು 43ರಿಂದ: ತಲಾ 7, ಒಟ್ಟು 301. ಅಂದರೆ ಐವರು ಎರಡನೇ ಪ್ರಾಶಸ್ತ್ಯ ಕೊಡದೇ ಇದ್ದಾಗ ಉಗೆ 288ರ ಬದಲು 301 ಸಿಕ್ಕಿತು! ನಿಯಮ ಬರೆದವರು ಇದನ್ನು ಬಯಸಿದ್ದರೋ ಇಲ್ವೋ, ಭಿನ್ನರಾಶಿ ಬಿಟ್ಟರೆ ಹಿಂಗಾಗುತ್ತೆ.

ಪಕ್ಷಗಳು ಗೆಲ್ಲೋ ಅಭ್ಯರ್ಥಿಗೆ 45 ಬಿಟ್ಟು 46, 47 ಹಂಚೋದಕ್ಕೂ ಇದೇ ಕಾರಣ. ಒಂದು ಮತ ಕುಲಗೆಟ್ಟರೆ, ಒಬ್ಬ ಕೈ ಕೊಟ್ಟರೆ ಬಚಾವ್. ಆ ಭದ್ರತೆಗೆ ತೆರೋದು ಅತ್ಯಲ್ಪ: 47 ಹಾಕಿದರೆ ಹೆಚ್ಚಿನ ಎರಡು ಮತದ 200ರಲ್ಲಿ 188 ಮುಂದಿನವನಿಗೆ ಹೋಗೇ ಹೋಗುತ್ತೆ, ಎರಡನೇ ಪ್ರಾಶಸ್ತ್ಯ ಎಲ್ಲರೂ ಹೇಳಿದಂತೆ ಬರೆದರೆ. ಆ ‘ಹೇಳಿದಂತೆ ಬರೆದರೆ’ಗೋಸ್ಕರವೇ ಮತದಾನದ ಹಿಂದಿನ ದಿನ ಹೋಟೆಲಲ್ಲಿ ಕೂರಿಸಿ ಅಣಕು ಮತದಾನ ಮಾಡಿಸೋದು.

ಹೊಳಲ್ಕೆರೆ ರಸ್ತೆ

ಹೆಚ್ಚುವರಿ ಹಂಚಿಯೂ ಸ್ಥಾನ ಉಳಿದರೆ? ಅದನ್ನೂ ಸೇರಿಸಿ ಸರ್. ಅತಿ ಕಡಿಮೆ ಇರುವವನನ್ನು ಕೈಬಿಟ್ಟು ಅವನ ಮೊದಲ ಪ್ರಾಶಸ್ತ್ಯದ ಮತಪತ್ರಗಳನ್ನು ಪೂರ್ತಿ 100 ಮೌಲ್ಯಕ್ಕೆ, ವರ್ಗಾವಣೆಯಿಂದ ಬಂದವನ್ನು ಬಂದ ಮೌಲ್ಯಕ್ಕೇ ಮುಂದಿನವರಿಗೆ ಕೊಡ್ತಾರೆ. ಉಳಿದವರ ಸಂಖ್ಯೆ ಉಳಿದ ಸ್ಥಾನಕ್ಕೆ ಸಮ ಆದರೆ ಕೋಟಾ ಮುಟ್ಟದೇ ಇದ್ದರೂ ಗೆದ್ದ ಹಾಗೆ. 2022ರ ಜೂನ್ 10ರಂದು ಇಲ್ಲಿ 4 ಸ್ಥಾನಕ್ಕೆ 6 ಜನ ನಿಂತಿದ್ದರು. ಬಿಜೆಪಿಯ ಮೂರನೆಯವರಾದ ಲೆಹರ್ ಸಿಂಗ್, ಕಾಂಗ್ರೆಸ್ಸಿನ ಎರಡನೆಯವರಾದ ಮನ್ಸೂರ್ ಅಲಿ ಖಾನ್, ಜೆಡಿಎಸ್‌ನ ಕುಪೇಂದ್ರ ರೆಡ್ಡಿ, ಮೂವರಲ್ಲಿ ಯಾರಿಗೂ ಮೊದಲ ಪ್ರಾಶಸ್ತ್ಯದಲ್ಲಿ 45 ಇರಲಿಲ್ಲ. ಕಾಂಗ್ರೆಸ್, ಜೆಡಿಎಸ್ ಒಬ್ಬರಿಗೊಬ್ಬರು ಜಾಗ ಬಿಡಲಿಲ್ಲ, ಲೆಹರ್ ಸಿಂಗ್ ಗೆದ್ದರು.

ಆದರೆ ವಿಪ್ (ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ) ಇರುತ್ತಲ್ಲ, ಅಡ್ಡಮತ ಹಾಕಿದವರ ಶಾಸಕತ್ವ ಹೋಗಬೇಕಿತ್ತು. ಯಾಕೆ ಹೋಗಲ್ಲ?

ಕೋಟೆ ಕೆಳಗಿನವ (ಚಿತ್ರದುರ್ಗ)

ಹೋಗಲ್ಲ ಅಣ್ಣ. ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧದ) ವಿಪ್ ಇರೋದು ಸದನದೊಳಗಿನ ಮತಕ್ಕೆ. ರಾಜ್ಯಸಭೆ ಚುನಾವಣೆ ವಿಧಾನಸೌಧದಲ್ಲೇ ನಡೆದರೂ ಅದು ಸದನದ ಕಲಾಪ ಅಲ್ಲ. 2006ರ ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಕ್ತ ಮತದಾನವನ್ನು (ಪಕ್ಷದ ಏಜೆಂಟ್‌ಗೆ ತೋರಿಸಿ ಮತ ಹಾಕೋದನ್ನು) ಎತ್ತಿಹಿಡಿಯುವಾಗಲೇ ಇದನ್ನೂ ಹೇಳಿದೆ. 2024ರಲ್ಲಿ ಎಸ್.ಟಿ. ಸೋಮಶೇಖರ್ ಅಡ್ಡಮತ ಹಾಕಿದರು, ಅದರಿಂದ ಶಾಸಕ ಸ್ಥಾನ ಹೋಗಲಿಲ್ಲ. ಪಕ್ಷ ಉಚ್ಚಾಟಿಸಬಹುದು, ಅದು ಬೇರೆ. ಹಿಮಾಚಲದ ಆರು ಕಾಂಗ್ರೆಸ್ ಶಾಸಕರನ್ನು ಅನರ್ಹಗೊಳಿಸಿದರಲ್ಲ ಅಂತ ಕೇಳಬಹುದು. ಅದು ರಾಜ್ಯಸಭೆ ಮತಕ್ಕಲ್ಲ, ಆಮೇಲೆ ಬಜೆಟ್ ಕಲಾಪದಲ್ಲಿ ವಿಪ್ ಮೀರಿದ್ದಕ್ಕೆ. ದುಡ್ಡು ತಗೊಂಡು ಮತ ಹಾಕಿದ್ದು ಸಾಬೀತಾದರೆ ರಕ್ಷಣೆ ಇಲ್ಲ. 2024ರ ಮಾರ್ಚ್ 4ರ ಸೀತಾ ಸೊರೇನ್ ತೀರ್ಪು ನೋಡಿ.

ನಿಟ್ಟುವಳ್ಳಿ ಟೀಚರ್ (ದಾವಣಗೆರೆ)

ಅಬ್ಬಾ, ‘ಈ’ 43 ಮತ್ತು ‘ಉ’ 40ರ ಲೆಕ್ಕ ಎರಡು ಸಲ ಮಾಡಿ ನೋಡಿದೆ, ಸರಿ ಬಂತು. ಇನ್ನು ಮತ ಯಾವಾಗ ಕುಲಗೆಡುತ್ತೆ? ಮತ್ತೆ 60 ಮಕ್ಕಳಿಗೆ ಕೋಟಾ ಎಷ್ಟು ಇಟ್ಟುಕೊಳ್ಳಲಿ?

ಹರಿಹರ ಲೆಕ್ಕಪತ್ರ

60 ಮಂದಿ, 4 ಸ್ಥಾನ: 6,000 ಭಾಗಿಸು 5, ಜೊತೆಗೆ 1, ಅಂದರೆ 1,201. ಗೆಲ್ಲೋಕೆ 13 ಮತ. (ನಮ್ಮ 13 ಶಾಸಕರು ನಿಮ್ಮ ತರಗತಿಯಲ್ಲಾದರೆ ಗೆಲ್ಲಿಸಬಹುದು!) ಒಬ್ಬನಿಗೆ 18 ಬಂದರೆ ಹೆಚ್ಚುವರಿ 599, ತಲಾ 33, ಒಟ್ಟು 594 ಹೋಗುತ್ತೆ, 5 ನಷ್ಟ. 5 ಅಭ್ಯರ್ಥಿ ನಿಲ್ಲಿಸಿ, 4 ನಿಲ್ಲಿಸಬೇಡಿ. ಸ್ಥಾನಕ್ಕೆ ಸಮ ಅಭ್ಯರ್ಥಿಗಳಿದ್ದರೆ ಮತದಾನವೇ ಇಲ್ಲ, ಅವಿರೋಧ ಆಯ್ಕೆ. 2020ರಲ್ಲಿ ದೇವೇಗೌಡರು, ಖರ್ಗೆ, ಈರಣ್ಣ ಕಡಾಡಿ, ಅಶೋಕ್ ಗಸ್ತಿ ಹಾಗೇ ಬಂದದ್ದು.

ಮತಪತ್ರದಲ್ಲಿ ಅಂಕಿಯೇ ಬರೆಯಬೇಕು. 1, 2 ಆಗಲಿ, ರೋಮನ್ ಅಂಕಿ ಆಗಲಿ, ಕನ್ನಡದ ೧, ೨ ಆಗಲಿ ನಡೆಯುತ್ತೆ. ‘ಒಂದು’ ಅಂತ ಅಕ್ಷರದಲ್ಲಿ ಬರೆದರೆ ಇಲ್ಲ. ಸರಿ ಗುರುತು ಹಾಕಿದರೆ ಇಲ್ಲ. ‘1’ ಇಲ್ಲದಿದ್ದರೆ, ಇಬ್ಬರ ಎದುರು ‘1’ ಇದ್ದರೆ, ಎರಡು ಮನೆಗಳ ನಡುವಿನ ಗೆರೆ ಮೇಲೆ ಬಿದ್ದಿದ್ದರೆ, ಸಹಿ ಹಾಕಿದ್ದರೆ ಪೂರ್ತಿ ಅಸಿಂಧು. ‘2’ ಎರಡು ಕಡೆ ಇದ್ದರೆ ಅಥವಾ 1 ಆದಮೇಲೆ ನೇರ 3ಕ್ಕೆ ಹಾರಿದ್ದರೆ ‘1’ ಉಳಿಯುತ್ತೆ, ಮುಂದಿನದ್ದು ಮಾತ್ರ ಸತ್ತ ಹಾಗೆ. ಮಕ್ಕಳು ಈ ಎರಡನ್ನು ಗೊಂದಲ ಮಾಡ್ಕೋತಾರೆ, ಬೇರೆ ಬೇರೆ ಕಟ್ಟು ಇಡಿಸಿ.

ಪೆನ್ನು ಮರೀಬೇಡಿ. ಅಧಿಕಾರಿ ಕೊಟ್ಟ ನೇರಳೆ ಸ್ಕೆಚ್ ಪೆನ್ನಲ್ಲೇ ಬರೆಯಬೇಕು. 2016ರಲ್ಲಿ ಹರಿಯಾಣದಲ್ಲಿ ಬೇರೆ ಪೆನ್ ಬಳಸಿದ್ದಕ್ಕೆ ಹತ್ತಕ್ಕೂ ಹೆಚ್ಚು ಮತ ಹೋಗಿ ಫಲಿತಾಂಶವೇ ತಿರುಗಿತು. ತರಗತಿಗೂ ಒಂದೇ ಬಣ್ಣದ ಪೆನ್ ಕೊಟ್ಟು, ಒಬ್ಬ ಹುಡುಗನ ಕೈಲಿ ಬೇಕಂತಲೇ ನೀಲಿ ಬಾಲ್‌ಪೆನ್ ಹಿಡಿಸಿ.

ಹೊಳಲ್ಕೆರೆ ರಸ್ತೆ

ನೋಟಾ ಇಡಬೇಡಿ ಮೇಡಂ, 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಸಭೆಗೆ ನೋಟಾ ಇಲ್ಲ ಅಂದಿದೆ.

ಕೋಟೆ ಕೆಳಗಿನವ (ಚಿತ್ರದುರ್ಗ)

ಕೊನೆಗೆ ತೋರಿಸೋ ನಿಯಮ. ಪ್ರತಿ ಪಕ್ಷಕ್ಕೂ ಒಬ್ಬ ಅಧಿಕೃತ ಏಜೆಂಟ್ ಕೂತಿರುತ್ತಾರೆ. ಶಾಸಕರು ಬರೆದಾದಮೇಲೆ, ಪೆಟ್ಟಿಗೆಗೆ ಹಾಕೋ ಮುಂಚೆ ತಮ್ಮ ಪಕ್ಷದ ಏಜೆಂಟ್‌ಗೆ ಮಾತ್ರ ತೋರಿಸಬೇಕು. ತೋರಿಸಲ್ಲ ಅಂದರೆ ಅಧಿಕಾರಿ ಮತಪತ್ರ ವಾಪಸ್ ತಗೊಂಡು ರದ್ದು ಮಾಡ್ತಾರೆ. ಪಕ್ಷೇತರರು ಯಾರಿಗೂ ತೋರಿಸುವ ಹಾಗಿಲ್ಲ. ವಿಧಾನ ಪರಿಷತ್ತಿಗೆ ಇದೇ ಶಾಸಕರು ಮತ ಹಾಕುವಾಗ, ನಮ್ಮ ಗ್ರಾಮ ಪಂಚಾಯ್ತಿ ಸದಸ್ಯರು ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಹಾಕುವಾಗ ಎಣಿಕೆ ಹೀಗೇ ಪ್ರಾಶಸ್ತ್ಯದ್ದು, ಮತ ಮಾತ್ರ ಗುಟ್ಟು.

ತರಗತಿಯಲ್ಲಿ ಮೂರು ಪಕ್ಷ, ಮೂವರು ಏಜೆಂಟ್, ನಾಲ್ಕೈದು ಪಕ್ಷೇತರರು ಇಟ್ಟುಕೊಳ್ಳಿ. ಏಜೆಂಟರ ಕುರ್ಚಿ ದೂರ ದೂರ ಇರಲಿ, ಒಬ್ಬರ ಮತಪತ್ರ ಇನ್ನೊಬ್ಬರಿಗೆ ಕಂಡರೆ ಗುಜರಾತ್ ಕತೆಯೇ. ಕೊನೆಯ ಇಬ್ಬರು ಸಮ ಆದರೆ ಚೀಟಿ ಎತ್ತಿ, ಆದರೆ ಮೊದಲೇ ಹೇಳಿಬಿಡಿ: ಚೀಟಿಯಲ್ಲಿ ಹೆಸರು ಬಂದವನು ಗೆದ್ದವನಲ್ಲ, ಔಟಾದವನು. ಹಿಮಾಚಲದಲ್ಲಿ 34–34 ಆದಾಗ ಬಂದದ್ದು ಅಭಿಷೇಕ್ ಮನು ಸಿಂಘ್ವಿ ಚೀಟಿ, ಗೆದ್ದದ್ದು ಹರ್ಷ್ ಮಹಾಜನ್.