ಜೇನಾ, ಕುರಿಮಂದೆಯಾ?

ಮನೆ ಗುಂಪು, ಸೋಮವಾರ ಮಧ್ಯಾಹ್ನ

ಅಕ್ಕ: [ಫೋಟೊ] ನಿನ್ನೆ ಎಲ್ಲರ ಕೈಗೂ ಹಾಕಿದ ಸೆಂಟು ಇದೇ. ಫ್ರಾನ್ಸಿನದು, ಜೇನಿನ ವಾಸನೆಯದು. ಹೇಗಿತ್ತು? ಮುಲಾಜಿಲ್ಲದೆ ಹೇಳಿ.

ಚಿಕ್ಕಪ್ಪ: ಮುಲಾಜಿಲ್ಲದೇ ಹೇಳುತ್ತೇನೆ. ಕಾರಿನ ಕಿಟಕಿ ಇಳಿಸಿಕೊಂಡೇ ಊರು ಸೇರಿದೆವು. ಕುರಿಮಂದೆ ಮಲಗಿ ಎದ್ದ ಜಾಗದ ಹಾಗಿತ್ತು.

ಚಿಕ್ಕಮ್ಮ: ನನ್ನ ಕೈಯಲ್ಲಿ ಚೆನ್ನಾಗೇ ಇತ್ತಲ್ರೀ. ಮೊದಲು ಒಣಹುಲ್ಲು, ಆಮೇಲೆ ಹೊಗೆಸೊಪ್ಪು. ರಾತ್ರಿ ಚಪಾತಿ ಹಿಟ್ಟು ಕಲಸುವಾಗ ಸಿಹಿ. ಬೆಲ್ಲದ ಪಾಕ ಎಳೆ ಬರುವ ಹೊತ್ತಿಗೆ ಬರುತ್ತದಲ್ಲ, ಹಾಗೆ.

ಚಿಕ್ಕಪ್ಪ: ಅದು ನಿನ್ನ ಕೈಗುಣ ಬಿಡು.

ಅಣ್ಣ: ಕೈಗುಣ ಏನೂ ಇಲ್ಲ ಚಿಕ್ಕಪ್ಪ. ಜೇನುತುಪ್ಪವನ್ನೇ ಬಾಟಲಿಗೆ ಸುರಿದಿರುವುದಿಲ್ಲ. ಸಾಮಾನ್ಯವಾಗಿ ಜೇನುಮೇಣದಿಂದ ಸಾರ ತೆಗೆಯುತ್ತಾರೆ, ಇಲ್ಲದಿದ್ದರೆ ಲ್ಯಾಬಿನಲ್ಲಿ ಮಾಡಿದ್ದನ್ನು ಸೇರಿಸುತ್ತಾರೆ. ಫಿನೈಲ್ ಅಸೆಟಿಕ್ ಆಸಿಡ್ ಅಂತ ಒಂದಿದೆ. ನಿಜವಾದ ಜೇನಿನಲ್ಲೂ ಇರುತ್ತದೆ. ಚೂರೇ ಚೂರು ಇದ್ದರೆ ಜೇನು, ಜಾಸ್ತಿ ಆದರೆ ಉಚ್ಚೆ. ನಮ್ಮ ದೇಹವೂ ಅದನ್ನು ಗ್ಲುಟಮಿನ್ ಅನ್ನುವ ಅಮೈನೊ ಆಮ್ಲದ ಜೊತೆ ಕಟ್ಟಿ ಮೂತ್ರದಲ್ಲೇ ಹೊರಗೆ ಕಳಿಸುತ್ತದೆ.

ಅಮ್ಮ: ಊಟದ ಹೊತ್ತಿನಲ್ಲಿ ಇದೆಲ್ಲ ಬೇಕಾ?

ಅಕ್ಕ: ಅಂದರೆ ಅಷ್ಟು ದುಡ್ಡು ಕೊಟ್ಟು ಉಚ್ಚೆ ತಂದೆ ಅಂತೀಯಾ?

ಅಣ್ಣ: ನಿನ್ನದೊಂದೇ ಅಲ್ಲ. 2005ರಲ್ಲಿ ಸರ್ಜ್ ಲುಟೆನ್ಸ್ ಅವರ ಮಿಯೆಲ್ ದ ಬ್ವಾ ಅನ್ನುವ ಜೇನಿನ ಸೆಂಟು ಬಂದಾಗಲೂ ಜನ ಹೀಗೇ ಎರಡು ಪಾಲಾಗಿದ್ದರು. ಕೆಲವರಿಗೆ ಪ್ರಾಣ, ಕೆಲವರಿಗೆ ಬೆಕ್ಕಿನ ಉಚ್ಚೆ.

ಚಿಕ್ಕಮ್ಮ: ಹಾಗಾದರೆ ಚರ್ಮಕ್ಕೆ ತಕ್ಕ ಹಾಗೆ ವಾಸನೆ ಬದಲಾಗುತ್ತದೆ ಅಲ್ವಾ? ಇವರ ಮೈ ಯಾವಾಗಲೂ ಕಾದಿರುತ್ತದೆ.

ನಾನು: ಎಲ್ಲರೂ ಸುಮ್ನೆ ಚರ್ಮವನ್ನೇ ದೂರುತ್ತಿದ್ದೀರಿ. ನಿನ್ನೆ ನಾನು ಪಕ್ಕದಲ್ಲೇ ಇದ್ದೆ. ಚಿಕ್ಕಪ್ಪ ತಮ್ಮ ಕೈ ಮೂಸಿ ಮುಖ ಕಿವುಚಿದರು. ಅದೇ ಕೈಯನ್ನು ಚಿಕ್ಕಮ್ಮ ಮೂಸಿ ಚೆನ್ನಾಗಿದೆಯಲ್ಲ ಅಂದರು. ಆಮೇಲೆ ಚಿಕ್ಕಪ್ಪನಿಗೆ ನನ್ನ ಕರ್ಚೀಫ್ ಕೊಟ್ಟೆ, ಅದಕ್ಕೂ ಒಂದು ಹನಿ ಹಾಕಿದ್ದೆ. ಮತ್ತೆ ಅದೇ ಮುಖ. ಕರ್ಚೀಫಿಗೆ ಎಲ್ಲಿಯ ಚರ್ಮ? ಮೈ ಬಿಸಿ ಇದ್ದರೆ ಬೇಗ ಹಾರುತ್ತದೆ, ಎಣ್ಣೆ ಚರ್ಮವಾದರೆ ಹೆಚ್ಚು ಹೊತ್ತು ನಿಲ್ಲುತ್ತದೆ, ಅಷ್ಟು ಒಪ್ಪುತ್ತೇನೆ. ಆದರೆ ಜೇನನ್ನು ಕುರಿ ಮಾಡಿದ್ದು ಮೂಗು.

ಚಿಕ್ಕಪ್ಪ: ಓಹೋ, ಈಗ ನನ್ನ ಮೂಗೇ ಸರಿಯಿಲ್ಲ!

ನಾನು: ಅಯ್ಯೋ, ಹಾಗಲ್ಲ. ಅಣ್ಣ ಹೇಳಿದ ಆಸಿಡ್ ನಿಮ್ಮ ಮೂಗಿಗೆ ಬೇಗ ಸಿಗುತ್ತದೆ ಅಂತ ಕಾಣುತ್ತದೆ, ಅಷ್ಟೇ.

ಅಮ್ಮ: ಇರಿ, ಅಜ್ಜಿ ಏನೋ ಹೇಳುತ್ತಿದ್ದಾರೆ. ಅವರು ಹೇಳಿದ ಹಾಗೇ ಬರೆಯುತ್ತೇನೆ.

ಅಮ್ಮ: "ಹಿಂದೆ ಹೆಜ್ಜೇನು ಇಳಿಸಿ ತರುವವರು ಮರಿ ಇದ್ದ ಎರಿಯನ್ನೂ ಸೇರಿಸಿ ಹಿಂಡಿಬಿಡುತ್ತಿದ್ದರು. ನಾಲ್ಕು ದಿನ ಬಿಟ್ಟು ಆ ಡಬ್ಬಿಯ ಮುಚ್ಚಳ ತೆಗೆದರೆ ಇದೇ ವಾಸನೆ. ಹಿಂಡಿದ ಬಟ್ಟೆ ಎರಡು ಸಲ ಒಗೆದರೂ ಹೋಗುತ್ತಿರಲಿಲ್ಲ. ಪೆಟ್ಟಿಗೆಯ ತುಡುವೆ ಜೇನಿಗೆ ಈ ವಾಸನೆ ಇಲ್ಲ. ಹುಡುಗಿ ತಂದದ್ದು ಹೆಜ್ಜೇನು."

ಚಿಕ್ಕಪ್ಪ: ನೋಡಿದಿರಾ? ತಾಯಿಗೂ ಮಗನಿಗೂ ಒಂದೇ ಮೂಗು.

ಅಮ್ಮ: ಪೂರ್ತಿ ಕೇಳಪ್ಪ. ಅವರು ಕೆಟ್ಟ ವಾಸನೆ ಅಂತ ಎಲ್ಲಿ ಹೇಳಿದರು?

ಅಕ್ಕ: ಅಮ್ಮಾ, ಬಾಟಲಿ ಅಲ್ಲೇ ಬಿಟ್ಟು ಬಂದಿದ್ದೇನೆ. ಎತ್ತಿಡು.

ಅಮ್ಮ: ಎತ್ತಿಡಲು ಅಜ್ಜಿ ಬಿಟ್ಟರೆ ತಾನೇ! ಸೆರಗಿಗೂ ಹಾಕಿಕೊಂಡು ಕೂತಿದ್ದಾರೆ.

ಚಿಕ್ಕಪ್ಪ: ಅತ್ತಿಗೆ, ಬರುವ ಭಾನುವಾರ ನಾವು ಬರುವುದಿಲ್ಲ.

ಚಿಕ್ಕಮ್ಮ: ನಾನು ಬರುತ್ತೇನೆ ಅಕ್ಕ. ಬಸ್ಸಿಗೆ.